ತೊಯ್ದ ಅಂಬ್ರಪ್ಪನ ಬೂತು

ಬೇವಿನದೊಡ್ಡಿಯಲ್ಲಿ ಅಂಬ್ರಪ್ಪ ಎನ್ನುವವರು ಮೂವರು. ಕುರಿ ಕಾಯುವವನು ಕುರಿ ಅಂಬ್ರಪ್ಪ, ಹೊಲಿಗೆ ಮಷೀನಿನವನು ಟೇಲರ್ ಅಂಬ್ರಪ್ಪ, ಪಂಚಾಯಿತಿಯ ನಳಕ್ಕೆ ನೀರು ಬಿಡುವವನು ನೀರಿನ ಅಂಬ್ರಪ್ಪ. ನಮ್ಮ ಕತೆ ಈ ಮೂರನೆಯವನದು. ನೀರು ಬಿಡುವವನನ್ನು ಹೆಂಗಸರು ಅಣ್ಣಾ ಎಂದು ಕರೆಯುತ್ತಾರೆ, ಗಂಡಸರು ಕರೆದು ಚಹಾ ಕುಡಿಸುತ್ತಾರೆ. ಅಂಥ ಮರ್ಯಾದೆಯ ಹೆಸರನ್ನು ಅವನು ಹೋದ ಚುನಾವಣೆಯ ದಿನ ಕಾಲುವೆಯಲ್ಲಿ ಕಳೆದುಕೊಂಡ.

ದೊಡ್ಡಿಯವರ ಮತಗಟ್ಟೆ ಮೊದಲಿನಿಂದಲೂ ಪಕ್ಕದ ದೊಡ್ಡ ಊರಿನ ಹಳೇ ಶಾಲೆಯಲ್ಲಿತ್ತು. ನಡುವೆ ಬರೀ ಹೊಲವಿದ್ದಾಗ ಅದು ಸರಿಯೇ ಇತ್ತು. ಆಮೇಲೆ ದೊಡ್ಡಿಗೂ ಊರಿಗೂ ನಡುವೆ ಕಾಲುವೆ ಬಂತು, ಕಾಲುವೆಯಲ್ಲಿ ನೀರು ಬಂತು, ಜೋಳದ ಹೊಲದಲ್ಲಿ ಭತ್ತ ಬಂತು, ಭತ್ತ ಮಾರಿದವರ ಮನೆಗೆ ಮೋಟರ್‌ಸೈಕಲ್ ಬಂತು. ಬೂತು ಮಾತ್ರ ಆಚೆ ದಂಡೆಯಲ್ಲೇ ಉಳಿಯಿತು. ಬಂಡಿ ಹೋಗುವ ಸೇತುವೆ ಗೋಗಿಯ ರಸ್ತೆಯ ಕಡೆ, ಬಲು ದೂರ. ಹತ್ತಿರದ ದಾರಿಯೆಂದರೆ ಕಾಲುವೆಯ ಗೇಟಿನ ಮೇಲಿನ ಸಿಮೆಂಟ್ ಗೋಡೆ. ಅದರ ಅಗಲ ಒಂದು ಪಾದ ಇಟ್ಟರೆ ಮುಗಿಯಿತು. ದೊಡ್ಡಿಯ ಹೆಣ್ಣುಮಕ್ಕಳು ಅದರ ಮೇಲೆಯೇ ಹುಲ್ಲಿನ ಹೊರೆ ಹೊತ್ತು, ಹಿಂದೆ ಬರುವವಳ ಜೊತೆ ಜಗಳವಾಡುತ್ತ ದಾಟುತ್ತಾರೆ.

ಆ ದಿನ ಅಂಬ್ರಪ್ಪ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಗೋಡೆಯ ಮೇಲೆ ಹೊರಟಿದ್ದ. ಆಚೆ ದಂಡೆಯಲ್ಲಿ ಊರಿನ ಹಿರಿಯರು ನಿಂತಿದ್ದರು. ಹಿರಿಯರನ್ನು ಕಂಡ ಮೇಲೆ ನಮಸ್ಕಾರ ಮಾಡಬೇಡವೇ? ಗೋಡೆಯ ನಟ್ಟನಡುವೆ ನಿಂತು ಎರಡೂ ಕೈ ಎತ್ತಿದ. ಕಾಲು ಜಾರಿತು. ನೀರು ಎದೆಮಟ್ಟಕ್ಕಷ್ಟೇ ಇದ್ದುದರಿಂದ ಜೀವಕ್ಕೇನೂ ಆಗಲಿಲ್ಲ. ಮನೆಗೆ ಹಿಂತಿರುಗಿದರೆ ನಗುತ್ತಾರೆಂದು ತೊಯ್ದ ಬಟ್ಟೆಯಲ್ಲೇ ಹೋಗಿ ಸಾಲಿನಲ್ಲಿ ನಿಂತ. ಮಂದಿ ಇನ್ನೂ ಹೆಚ್ಚು ನಕ್ಕರು. ಬೂತಿನ ಅಧಿಕಾರಿ ತಮ್ಮ ಕಾಗದಗಳನ್ನು ಒಂದು ಕಡೆ ಸರಿಸಿ, ದೂರದಿಂದಲೇ ಅವನ ಬೆರಳಿಗೆ ಮಸಿ ಹಚ್ಚಿದರು.

ಅಂದಿನಿಂದ ಅವನು ತೊಯ್ದ ಅಂಬ್ರಪ್ಪ. ಊರಿನವರು ಅಂದರೆ ಅನ್ನಲಿ. ಒಮ್ಮೆ ಸುರಪುರದ ಬೀಗರು ಫೋನು ಮಾಡಿ ಯಾವ ಅಂಬ್ರಪ್ಪನ ಮನೆ ಎಂದು ಕೇಳಿದಾಗ, ಹೆಂಡತಿ ಲಾಲಮ್ಮ ಸಹಜವಾಗಿ, "ತೊಯ್ದಾವನ ಮನಿರಿ" ಎಂದುಬಿಟ್ಟಳು. ಆ ರಾತ್ರಿ ಅಂಬ್ರಪ್ಪ ರೊಟ್ಟಿಯ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ. ಬೂತು ಆಚೆ ದಂಡೆಯಲ್ಲಿ ಇರುವ ತನಕ, ಚುನಾವಣೆ ಬಂದಾಗೊಮ್ಮೆ ತನ್ನ ಕತೆ ಹೊಸದಾಗುತ್ತದೆ ಎಂಬುದು ಅವನಿಗೆ ಖಾತ್ರಿಯಾಯಿತು.

ಮುಂದಿನ ಚುನಾವಣೆ ಹತ್ತಿರ ಬಂದಾಗ ಮತಗಟ್ಟೆಗಳ ಕರಡು ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದರು. ದೊಡ್ಡಿಯ ತಿಮ್ಮಣ್ಣನ ಚಹಾದಂಗಡಿಯಲ್ಲಿ ಬಸವಂತ್ರಾಯ ಮಾಸ್ತರರು ಅದರ ನಿಯಮಗಳನ್ನು ವಿವರಿಸುತ್ತಿದ್ದರು. ದೊಡ್ಡಿಯ ಹೊಸ ಶಾಲೆಯ ಮಾಸ್ತರರೂ ಅವರೇ, ದೊಡ್ಡಿಯ ಬೂತಿನ ಕೆಲಸ ನೋಡುವವರೂ ಅವರೇ. ಅರ್ಜಿ ಬರೆಯುವುದೆಂದರೆ ಅವರಿಗೆ ಹಬ್ಬ.

"ಮತದಾರರು ಹೊಳಿ, ಹಳ್ಳ, ಕಾಲುವಿ ದಾಟಿ ಹೋಗೂವಂಗ ಇರಬಾರದು ಅಂತ ನಿಯಮ ಅದ. ತಕರಾರು ಇದ್ದವರು ಅರ್ಜಿ ಕೊಡಬೇಕು. ತಾಲೂಕಿನ ಸಾಹೇಬ್ರು ಬಂದು ಜಾಗ ನೋಡ್ತಾರ, ಜಿಲ್ಲಾಕ್ಕ ಬರೀತಾರ, ಆಯೋಗದವರು ಒಪ್ಪಿದ್ರ ಬೂತು ಬದಲಿ. ಒಮ್ಮೆ ಒಪ್ಪಿದ್ರ ಮುಗೀತು, ಆಮ್ಯಾಲ ಯಾರ ಮಾತೂ ನಡಿಯಂಗಿಲ್ಲ."

ತಿಮ್ಮಣ್ಣ ಕೂಡಲೇ, "ಹಂಗಾದ್ರ ನನ್ನ ಅಂಗಡ್ಯಾಗೇ ಇಡ್ರಿ ಮಾಸ್ತರ, ಓಟು ಹಾಕಿದವ್ರಿಗೆ ಚಾ ಸೈತ ಸಿಗ್ತದ" ಎಂದ.

"ಖಾಸಗಿ ಜಾಗ ನಡಿಯಂಗಿಲ್ಲಪಾ. ಗುಡಿ, ಮಸೀದಿ ನಡಿಯಂಗಿಲ್ಲ. ಪಾರ್ಟಿ ಆಫೀಸು ಬಾಜೂಕ ಇರಬಾರದು. ನಿನ್ನ ಅಂಗಡ್ಯಾಗ ಎಲ್ಲಾ ಪಾರ್ಟಿಯವ್ರೂ ದಿನಾ ಕುಂತಿರ್ತಾರ."

ಅಂಬ್ರಪ್ಪ ಸಂಜೆ ಒಬ್ಬನೇ ಮಾಸ್ತರರ ಮನೆಗೆ ಹೋದ. ಅರ್ಜಿಗೆ ಕಾರಣ ಏನೆಂದು ಬರೆಯಲಿ ಎಂದು ಅವರು ಕೇಳಿದಾಗ ನೆಲ ನೋಡಿದ. ನನ್ನನ್ನು ತೊಯ್ದ ಅಂಬ್ರಪ್ಪ ಅನ್ನುತ್ತಾರೆ ಎಂದು ಸರಕಾರಕ್ಕೆ ಬರೆಯಲಾದೀತೇ?

"ಮುದುಕರು ದಾಟಾಕ ಆಗಂಗಿಲ್ಲ ಅಂತ ಬರದ್ರ ಸರಕಾರ ಕೇಳ್ತದ. ನಿಮ್ಮ ಮನ್ಯಾಗ ಮುದುಕರು ಯಾರದಾರ?" ಎಂದರು ಮಾಸ್ತರರು.

"ನಮ್ಮವ್ವ ದೇವಕಮ್ಮ ಅದಾಳ್ರಿ."

"ಮೊಣಕಾಲು ನೋವು ಅದನೂ?"

ಅಂಬ್ರಪ್ಪನ ತಾಯಿ ಆ ದಿನವಷ್ಟೇ ಹೊಲದಿಂದ ಹತ್ತಿಕಟ್ಟಿಗೆಯ ಹೊರೆ ತಂದು ಒಗೆದಿದ್ದಳು. "ಅದ ಅಂತ ಬರೀರಿ" ಎಂದ. ಹೇಳುವಾಗ ಕಿವಿ ಬಿಸಿಯಾಯಿತು. ಮಾಸ್ತರರ ಪೆನ್ನು ಮಾತ್ರ ಎತ್ತು ಕಟ್ಟಿದ ಗಾಡಿಯ ಹಾಗೆ ಓಡತೊಡಗಿತು. ದೇವಕಮ್ಮ ಮೂರು ಚುನಾವಣೆಗಳಿಂದ ಮತದಾನದಿಂದ ವಂಚಿತಳಾಗಿದ್ದಾಳೆ, ಕಾಲುವೆಯನ್ನು ಕಂಡರೆ ಕಣ್ಣೀರು ಹಾಕುತ್ತಾಳೆ, ದೊಡ್ಡಿಯ ವೃದ್ಧೆಯರೆಲ್ಲರ ಗತಿಯೂ ಇದೇ, ಎಂದೆಲ್ಲ ಬರೆದು ಅವನಿಂದ ಸಹಿ ಹಾಕಿಸಿಕೊಂಡರು.

ಸಾಹೇಬರು ಬಂದು ಜಾಗ ನೋಡುವ ದಿನ ಗೊತ್ತಾಯಿತು. ಮುದುಕಿಯರೆಲ್ಲ ಈಚೆ ದಂಡೆಯಲ್ಲಿ ಬೇವಿನ ಮರದ ಕೆಳಗೆ ಬಡಿಗೆ ಹಿಡಿದು ಕೂತಿರಲಿ, ಆಗಾಗ ನರಳಲಿ ಎಂದು ಮಾಸ್ತರರು ಸೂಚಿಸಿದ್ದರು. ನಿನ್ನನ್ನು ಕುಂಟಿ ಮಾಡಿ ಅರ್ಜಿ ಕೊಟ್ಟಿದ್ದೇನೆ ಎಂದು ತಾಯಿಗೆ ಹೇಳುವ ಧೈರ್ಯ ಅಂಬ್ರಪ್ಪನಿಗೆ ಬರಲಿಲ್ಲ. ಬೆಳಿಗ್ಗೆ ಮನೆ ಬಿಡುವಾಗ ಇಷ್ಟೇ ಹೇಳಿದ:

"ಯವ್ವಾ, ಇವತ್ತು ದೊಡ್ಡ ಸಾಹೇಬ್ರು ಬರಾಕತ್ತಾರ. ನೀವು ಮುದುಕ್ಯಾರೆಲ್ಲಾ ಬೇವಿನ ಗಿಡದ ಬುಡಕ ಕುಂತಿರ್ರಿ."

"ಯಾ ಸಾಹೇಬ್ರೋ? ನಮ್ಮ ದೊಡ್ಡಿಗೇ?"

"ಹೂಂ. ಮೊದಲ ಆ ದಂಡಿಗೆ ಬಂದು, ಆಮ್ಯಾಲ ಈ ದಂಡಿಗೆ ಬರ್ತಾರ."

ಅಷ್ಟು ಹೇಳಿ ಸೈಕಲ್ ಹತ್ತಿ, ಸೇತುವೆ ಸುತ್ತಿ ಊರಿಗೆ ಹೋದ. ಬಿದ್ದ ದಿನದಿಂದ ಅವನು ಗೋಡೆಯ ದಾರಿ ಹಿಡಿದಿರಲಿಲ್ಲ.

ದೇವಕಮ್ಮ ಸಡಗರದಿಂದ ಎದ್ದಳು. ಬೇವಿನದೊಡ್ಡಿ ಹುಟ್ಟಿದಾಗಿನಿಂದ ಅಲ್ಲಿಗೆ ಯಾವ ಸಾಹೇಬರೂ ಬಂದಿರಲಿಲ್ಲ. ಬರುವ ಅತಿಥಿಯನ್ನು ಊರ ಅಗಸಿಬಾಗಿಲಿಗೆ ಹೋಗಿ ಕರೆದುಕೊಂಡು ಬರಬೇಕು, ಮರದ ಕೆಳಗೆ ಕೂತು ನೋಡುತ್ತಾರೆಯೇ? ಅಗಸಿ ಇದ್ದದ್ದು ಆಚೆ ದಂಡೆಯಲ್ಲಿ. ಅವಳು ಪಕ್ಕದ ಮನೆಯ ಹುಸೇನಬೀಯನ್ನು ಕೂಗಿದಳು, ಮಾಳಮ್ಮನನ್ನು ಎಬ್ಬಿಸಿದಳು. ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆಗಳು ಹೊರಗೆ ಬಂದವು, ತಾಮ್ರದ ಕೊಡಗಳಿಗೆ ಹುಣಸೆಹಣ್ಣು ಬಿತ್ತು.

ಅತ್ತ ಆಚೆ ದಂಡೆಯ ಹಳೇ ಶಾಲೆಯ ಮುಂದೆ ಸಾಹೇಬರ ಜೀಪು ನಿಂತಿತ್ತು. ಸಾಹೇಬರು ಮೈಸೂರು ಕಡೆಯವರು, ಚಿಕ್ಕ ವಯಸ್ಸು, ಬೂಟು ಫಳಫಳ. ಮಾಸ್ತರರನ್ನೂ ಅಂಬ್ರಪ್ಪನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಾಲುವೆಯ ಕಡೆ ಬೆನ್ನು ಹಾಕಿ ನಿಂತು ಅರ್ಜಿ ಓದುತ್ತಿದ್ದರು. ಓದುತ್ತ ಓದುತ್ತ ಅವರ ಮುಖ ಸಣ್ಣಗಾಯಿತು.

"ಪಾಪ, ಮೂರು ಸಲದಿಂದ ಓಟೇ ಹಾಕಿಲ್ಲವೇನ್ರಿ ನಿಮ್ಮ ತಾಯಿ?"

"ಇಲ್ರಿ ಸಾಹೇಬ್ರ" ಎಂದ ಅಂಬ್ರಪ್ಪ, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಳ್ಳುತ್ತ.

"ಎದ್ದು ಓಡಾಡ್ತಾರಾ?"

"ಅಂಗಳದ ತನಾ ಬರ್ತಾಳ್ರಿ. ಅದೂ ಗ್ವಾಡಿ ಹಿಡಕೊಂಡು."

ಚಹಾದ ಕೆಟಲಿ ಹಿಡಿದು ಬಂದಿದ್ದ ತಿಮ್ಮಣ್ಣ ಮೆಲ್ಲಗೆ ಕೆಮ್ಮಿದ. "ಗ್ವಾಡಿ ಹಿಡಕೊಂಡಲ್ಲ ಅಂಬ್ರಪ್ಪ, ಗ್ವಾಡಿ ಮ್ಯಾಲ. ಹಿಂದ ನೋಡು."

ಅಂಬ್ರಪ್ಪ ನೋಡಿದ. ಗೇಟಿನ ಗೋಡೆಯ ಮೇಲೆ ಮುದುಕಿಯರು ಸಾಲಾಗಿ ಬರುತ್ತಿದ್ದರು. ಎಲ್ಲರಿಗೂ ಮುಂದೆ ದೇವಕಮ್ಮ, ತಲೆಯ ಮೇಲೆ ತುಂಬಿದ ಕೊಡ, ಕೊಡದ ಮೇಲೆ ತೆಂಗಿನಕಾಯಿ, ಕೈಯಲ್ಲಿ ಆರತಿ ತಟ್ಟೆ. ದೀಪ ಆರದಂತೆ ಇನ್ನೊಂದು ಕೈ ಅಡ್ಡ ಹಿಡಿದಿದ್ದಳು. ಹಿಂದೆ ಮಾಳಮ್ಮ ಹಾಡು ಹೇಳುತ್ತಿದ್ದಳು. ಅವಳ ಹಿಂದೆ ಹುಸೇನಬೀ, ಕಂಕುಳಲ್ಲಿ ಮೊಮ್ಮಗು, ಮತ್ತೊಂದು ಕೈಯಲ್ಲಿ ಸಕ್ಕರೆ ಡಬ್ಬಿ. ಒಬ್ಬಳಾದರೂ ಕೆಳಗೆ ನೋಡುತ್ತಿರಲಿಲ್ಲ. ಕಾಲುವೆ ಈಗಲೇ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎಂದು ಅಂಬ್ರಪ್ಪನಿಗೆ ಅನ್ನಿಸಿತು.

ಸಾಹೇಬರು ತಿರುಗಿ ನೋಡುವಷ್ಟರಲ್ಲಿ ಆರತಿ ಅವರ ಮುಖದ ಮುಂದೆ ಬಂದಾಗಿತ್ತು. ಹಣೆಗೆ ಕುಂಕುಮ ಬಿತ್ತು, ಬಾಯಿಗೆ ಸಕ್ಕರೆ ಬಿತ್ತು.

"ಯಾರಮ್ಮ ನೀವು?"

"ನಾ ದೇವಕಮ್ಮರಿ, ಈ ಅಂಬ್ರಪ್ಪನ ತಾಯಿ. ನೀವು ಬಂದದ್ದು ಭಾಳ ಚಲೋ ಆತ್ರಿ."

ಸಾಹೇಬರು ಅರ್ಜಿ ನೋಡಿದರು, ದೇವಕಮ್ಮನ ಕಾಲು ನೋಡಿದರು, ಮತ್ತೆ ಅರ್ಜಿ ನೋಡಿದರು. "ನಿಮಗೆ ಮೊಣಕಾಲು ನೋವಲ್ಲವೇ?"

"ಯಾವ ಭಾಡ್ಯಾ ಹೇಳ್ಯಾನ್ರಿ?"

ಮಾಸ್ತರರು ಶಾಲೆಯ ಹಂಚು ಎಣಿಸತೊಡಗಿದರು.

"ಕಾಲುವೆ ಕಂಡರೆ ಅಳ್ತೀರಿ ಅಂತ ಬರೆದಿದೆ. ಓಟು ಹಾಕೋಕೆ ಬರೋಕಾಗಲ್ಲ ಅಂತ."

ದೇವಕಮ್ಮ ಕೊಡ ಇಳಿಸಿದಳು. "ಸಾಹೇಬ್ರ, ಈ ಕಾಲುವಿ ಅಗಿಯೂವಾಗ ಇದರ ಮಣ್ಣು ಹೊತ್ತಾಕಿ ನಾನು. ಇವ ಆಗ ಬಗಲಾಗಿನ ಕೂಸು. ಇಲ್ಲೇ ದಂಡಿಮ್ಯಾಲ ಜೋಳಿಗಿ ಕಟ್ಟಿ ಮಲಗಸ್ತಿದ್ದೆ. ನನ್ನ ಅಂಗಳ ಇದ್ದಂಗ ಇದು, ಇದನ್ನ ನೋಡಿ ಯಾಕ ಅಳಲಿ? ಒಂದು ಓಟೂ ತಪ್ಪಿಸಿಲ್ರಿ. ಹ್ವಾದ ಸಲ ಎಲ್ಲಾರಕಿಂತ ಮೊದಲ ನನ್ನ ಓಟು."

ಆಮೇಲೆ ಅವಳು ಮಗನ ಕಡೆ ತಿರುಗಿದಳು. ಬೈಯಲಿಲ್ಲ. "ನನ್ನ ಕುಂಟಿ ಮಾಡಿದೇನೋ ಅಂಬ್ರ್ಯಾ?" ಎಂದಳು, ಮೆಲ್ಲಗೆ.

ಬೈದಿದ್ದರೆ ಅಂಬ್ರಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. ಆ ಮೆಲುದನಿಗೆ ಅವನ ಕಣ್ಣಲ್ಲಿ ನೀರು ಬಂತು. ತನ್ನ ಇಜ್ಜತ್ತು ಉಳಿಸಿಕೊಳ್ಳಲು ತಾಯಿಯ ಇಜ್ಜತ್ತು ತೆಗೆದೆನಲ್ಲ ಎಂದು ನಾಚಿಕೆಯಾಯಿತು.

"ಹಾಗಾದರೆ ಕಾಲುವೆ ದಾಟೋಕೆ ಆಗದಿರೋರು ಯಾರ್ರೀ ನಿಮ್ಮ ದೊಡ್ಡಿಯಲ್ಲಿ?" ಸಾಹೇಬರ ದನಿ ಈಗ ಗಟ್ಟಿಯಾಗಿತ್ತು.

ತಿಮ್ಮಣ್ಣ ಇದಕ್ಕಾಗಿಯೇ ಬೆಳಿಗ್ಗೆಯಿಂದ ಕಾದಿದ್ದ. "ಒಬ್ಬನೇ ಅದಾನ್ರಿ ಸಾಹೇಬ್ರ. ಇಲ್ಲೇ ನಿಂತಾನ" ಎಂದು ಹೋದ ಚುನಾವಣೆಯ ಕತೆಯನ್ನು, ನಮಸ್ಕಾರ ಮಾಡಿದ ರೀತಿಯ ಸಮೇತ, ಆಡಿ ತೋರಿಸಿದ. ಜೀಪಿನ ಡ್ರೈವರ್ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ.

ಸಾಹೇಬರು ನಗಲಿಲ್ಲ. "ಸುಳ್ಳು ಅರ್ಜಿ ಕೊಟ್ಟು ಸರ್ಕಾರದ ಸಮಯ ಹಾಳು ಮಾಡ್ತೀರಾ? ಮುದುಕಿಯರು ಆರತಿ ಹಿಡಿದು ಬರ್ತಾರೆ, ನಿಮಗೆ ಬೂತೇ ಬದಲಾಗ್ಬೇಕಾ? ಇದನ್ನ ದಾಟೋದು ಅಷ್ಟು ಕಷ್ಟವಾ? ಬನ್ನಿ, ನಾನೇ ದಾಟ್ತೀನಿ. ಆ ಕಡೆ ಹೊಸ ಶಾಲೆಯನ್ನೂ ನೋಡಿದ ಹಾಗಾಗುತ್ತೆ. ನೀವು ಮುಂದೆ ನಡೀರಿ."

"ಸಾಹೇಬ್ರ, ಬೂಟು..." ಎಂದಳು ದೇವಕಮ್ಮ.

"ಪರವಾಗಿಲ್ಲಮ್ಮ."

ಅಂಬ್ರಪ್ಪ ಮುಂದೆ, ಸಾಹೇಬರು ಹಿಂದೆ. ಎರಡೂ ದಂಡೆಯಲ್ಲಿ ಮಂದಿ ಕೂಡಿದ್ದರು. ಅಂಬ್ರಪ್ಪ ಕಣ್ಣನ್ನು ಪಾದದ ಮೇಲಿಟ್ಟು ಒಂದೊಂದೇ ಹೆಜ್ಜೆ ಹಾಕಿದ. ಈ ಸಲ ದೇವರೇ ಎದುರು ಬಂದರೂ ಕೈ ಎತ್ತುವುದಿಲ್ಲವೆಂದು ನಿಶ್ಚಯಿಸಿದ್ದ. ಗೇಟು ತಿರುಗಿಸುವ ಚಕ್ರದ ಹತ್ತಿರ ಬಂದಾಗ ಹಿಂದಿನಿಂದ, "ಅಯ್ಯೋ" ಎಂಬ ದನಿ ಕೇಳಿತು. ಮುದುಕಿಯರ ಕೊಡದಿಂದ ತುಳುಕಿದ ನೀರಿನ ಮೇಲೆ ಫಳಫಳ ಬೂಟು ಜಾರಿತ್ತು. ಸಾಹೇಬರು ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಅಂಬ್ರಪ್ಪನ ಧೋತರದ ಕಚ್ಚೆ.

ಇಬ್ಬರೂ ಒಟ್ಟಿಗೇ ಬಿದ್ದರು.

ಅಂಬ್ರಪ್ಪ ಬಿದ್ದರೆ ನಗಬಹುದು, ಸಾಹೇಬರು ಬಿದ್ದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ದೇವಕಮ್ಮ ಸೀರೆ ಸಿಕ್ಕಿಸಿ ಇಳಿದು, ಎರಡೂ ಕೈಯಲ್ಲಿ ಇಬ್ಬರ ರೆಟ್ಟೆ ಹಿಡಿದು ದಂಡೆಗೆ ಎಳೆದಳು. ಸಾಹೇಬರ ಹಣೆಯ ಕುಂಕುಮ ಮೂಗಿನ ತನಕ ಇಳಿದಿತ್ತು. ಅವರು ಬಹಳ ಹೊತ್ತು ಕಾಲುವೆಯನ್ನೇ ನೋಡಿದರು.

"ಮಾಸ್ಟ್ರೇ, ಪಂಚನಾಮೆ ಬರೀರಿ. ಕಾಲುವೆ ಅಪಾಯಕಾರಿಯಾಗಿದೆ. ಮತಗಟ್ಟೆ ಬದಲಾಯಿಸಲು ಶಿಫಾರಸು ಮಾಡಿದೆ."

"ಕಾರಣ ಏನಂತ ಬರೀಲಿ ಸಾಹೇಬ್ರ? ನಿಯಮದ ಪ್ರಕಾರ ಕಾರಣ ಬೇಕಾಗ್ತದ."

ಸಾಹೇಬರು ಬೂಟಿನಿಂದ ನೀರು ಸುರುವಿದರು. "ಅರ್ಜಿದಾರ ನನ್ನ ಕಣ್ಣೆದುರೇ ಬಿದ್ದ ಅಂತ ಬರೀರಿ."

"ಒಬ್ಬನೇರಿ?"

"ಒಬ್ಬನೇ."

ಮಾಸ್ತರರು ಬರೆದರು. ಮುದುಕಿಯರೂ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದರು. ಬಂದ ಅತಿಥಿಯ ಮಾನ ಕಾಯಬೇಕಲ್ಲ.

ಆಯೋಗದ ಒಪ್ಪಿಗೆ ಬಂತು. ಬೂತು ದೊಡ್ಡಿಯ ಹೊಸ ಶಾಲೆಗೆ ಬಂತು. ಅಂಬ್ರಪ್ಪ ತಾಯಿಯ ಕಾಲು ಮುಟ್ಟಿ ತಪ್ಪಾಯಿತು ಎಂದ. ಅವಳು, "ಕುಂಟಿ ಕಾಲು, ಮೆಲ್ಲಕ ಮುಟ್ಟು" ಎಂದಳು. ಅದೊಂದು ಚುಚ್ಚುಮಾತು ಬಿಟ್ಟರೆ ಉಳಿದದ್ದೆಲ್ಲ ಮುಗಿಯಿತೆಂದು ಅವನು ನಿರಾಳವಾಗಿ ಉಸಿರು ಬಿಟ್ಟ. ಆಗ ಮಾಸ್ತರರು ಮನೆಗೆ ಬಂದರು.

"ಅಂಬ್ರಪ್ಪ, ಬೂತು ಬದಲಿ ಆದ್ರ ಎಲ್ಲಾರಿಗೂ ತಿಳಿಸಬೇಕಂತ ನಿಯಮ ಅದ. ಡಂಗುರ ಸಾರಬೇಕು, ಹಳೇ ಜಾಗಕ್ಕ ಬೋರ್ಡು ಹಾಕಬೇಕು. ಇಷ್ಟ ಸಾಲದು, ಓಟಿನ ದಿನ ಹಳೇ ಶಾಲ್ಯಾಗ ಒಬ್ಬಾವ ಕುಂತು, ತಪ್ಪಿ ಬಂದವ್ರಿಗೆ ಹೇಳಿ ಕಳಿಸಬೇಕು ಅಂತ ಸಾಹೇಬ್ರ ಹುಕುಂ ಬಂದದ. ನಿನ್ನ ಹೆಸರು ಅವ್ರೇ ಬರದಾರ. ನೀ ಪಂಚಾಯತಿ ನೌಕರ, ಇಲ್ಲ ಅನ್ನಂಗಿಲ್ಲ."

ಮರುದಿನ ಓಣಿ ಓಣಿಯಲ್ಲಿ ಡಂಗುರದವನು ಕೂಗಿಕೊಂಡು ಹೋದ: "ಕೇಳ್ರಪೋ ಕೇಳ್ರಿ! ಬೇವಿನದೊಡ್ಡಿ ಅಂಬ್ರಪ್ಪ ಸಾಹೇಬ್ರ ಎದುರಿಗೇ ಕಾಲುವ್ಯಾಗ ಬಿದ್ದ ಕಾರಣಕ್ಕ, ದೊಡ್ಡಿಯವ್ರ ಬೂತು ಹೊಸ ಶಾಲಿಗೆ ಬದಲಾಗ್ಯಾದ!" ಸಗರದ ಸಂತೆಗೆ ಹೋದವರು ಅಲ್ಲಿಯೂ ಅದನ್ನೇ ಹೇಳಿದರು.

ಮತದಾನದ ದಿನ ಅಂಬ್ರಪ್ಪ ನಸುಕಿಗೇ ಸೇತುವೆ ಸುತ್ತಿ ಹೋಗಿ ಹಳೇ ಶಾಲೆಯ ಕಟ್ಟೆಯ ಮೇಲೆ ಕೂತ. ದೊಡ್ಡಿಯವರು ಒಬ್ಬರೂ ತಪ್ಪಿ ಬರಲಿಲ್ಲ. ಊರಿನವರು ಮಾತ್ರ ತಮ್ಮ ಬೂತಿನಲ್ಲಿ ಓಟು ಹಾಕಿ, ಹೆಂಡಿರು ಮಕ್ಕಳನ್ನು ಕರೆದುಕೊಂಡು ಬಂದು, ಬೋರ್ಡು ಓದಿ, ಮುಗ್ಧರ ಹಾಗೆ ಮುಖ ಮಾಡಿ, "ಯಾಕ ಬದಲಾತಪಾ ಬೂತು?" ಎಂದು ಕೇಳಿದರು. ಕೇಳಿದವರಿಗೆ ಹೇಳುವುದು ಅವನ ಡ್ಯೂಟಿ. ತಲೆ ತಗ್ಗಿಸಿ, "ನಾ ಬಿದ್ದಿದ್ದಕ್ಕರಿ" ಎಂದು ಸಂಜೆ ತನಕ ಹೇಳಿದ.

ಹೊತ್ತು ಇಳಿಯುವಾಗ ದೇವಕಮ್ಮ ರೊಟ್ಟಿ ಗಂಟು ಹೊತ್ತು ಗೋಡೆ ದಾಟಿ ಬಂದಳು. ಬೆರಳಲ್ಲಿ ಮಸಿ ಇತ್ತು.

"ನೀ ಓಟು ಹಾಕಿದೇನೋ?"

ಅಂಬ್ರಪ್ಪ ದಿಗ್ಗನೆ ಎದ್ದ. ಅವನ ಓಟು ದೊಡ್ಡಿಯಲ್ಲಿತ್ತು. ಬೂತು ಮುಚ್ಚುವ ವೇಳೆ ಆಗುತ್ತ ಬಂದಿತ್ತು. ಸೇತುವೆ ಸುತ್ತಿ ಹೋದರೆ ಬಾಗಿಲು ಹಾಕಿರುತ್ತಾರೆ. ಎದುರು ದಂಡೆಯಲ್ಲಿ ಇಡೀ ದೊಡ್ಡಿ ಅವನಿಗಾಗಿ ಕಾದು ನಿಂತಿತ್ತು, ತಿಮ್ಮಣ್ಣನ ಕೆಟಲಿಯೂ ಇತ್ತು.

"ನನ್ನ ಕೈ ಹಿಡಿ, ನಡಿ" ಎಂದಳು ದೇವಕಮ್ಮ.

"ಬ್ಯಾಡವ್ವ. ಮಂದಿ ನೋಡಾಕತ್ತಾರ" ಎಂದ ಅಂಬ್ರಪ್ಪ. ತಾಯಿಯ ಕೈ ಹಿಡಿದು ದಾಟುವ ನಾಚಿಕೆಯೊಂದು ಬಾಕಿ ಇತ್ತು, ಅದನ್ನು ಅವನು ಒಲ್ಲೆನೆಂದು ಒಬ್ಬನೇ ಹೊರಟ.

ಹೊಸ ಶಾಲೆಯ ಬೂತಿನೊಳಗೆ ಅವನು ಕಾಲಿಟ್ಟಾಗ ಬಾಗಿಲು ಹಾಕಲು ಜವಾನ ಎದ್ದು ನಿಂತಿದ್ದ. ಅಂಬ್ರಪ್ಪನ ಅಂಗಿಯಿಂದ, ಧೋತರದಿಂದ, ಮೀಸೆಯಿಂದ ನೀರು ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಬೂತಿನ ಅಧಿಕಾರಿ ಯಾದಗಿರಿಯವರು, ಈ ಸೀಮೆಯ ಕತೆ ಗೊತ್ತಿಲ್ಲದ ಸಜ್ಜನರು. ಅವನನ್ನು ನೋಡಿ ಮರುಗಿದರು.

"ಅಯ್ಯ, ಆ ದಂಡಿಂದ ಕಾಲುವ್ಯಾಗ ಬಿದ್ದು ಬಂದೀರೇನ್ರಿ? ಒಂದು ಓಟಿನ ಸಲುವಾಗಿ ಎಷ್ಟು ತ್ರಾಸ! ನೋಡ್ರಿ, ನಿಮ್ಮಂಥವರ ಸಲುವಾಗೇ ನಿಯಮ ಅದ. ಈ ಬೂತನ್ನ ಆ ದಂಡಿಗೆ ಬದಲಿ ಮಾಡ್ರಿ ಅಂತ ಒಂದು ಅರ್ಜಿ ಕೊಡ್ರಿ."

ಅಂಬ್ರಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ಕೂತಿದ್ದ ಬಸವಂತ್ರಾಯ ಮಾಸ್ತರರು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು.